ಇಲ್ಲವೆಂಬ ಚೀಟಿ

ಹೊನ್ನಾವರದ ಹೊಳೆಯಂಚಿನಲ್ಲಿದ್ದ ಹಳೆಯ ಹೆಂಚಿನ ಗೋದಾಮೊಂದಕ್ಕೆ ಸುಣ್ಣ ಬಳಿದು ನಾವು ಕಾಲೇಜು ಮಾಡಿಕೊಂಡಿದ್ದೆವು. ಅದು ಶುರುವಾದ ಎರಡನೆಯ ವರ್ಷ, ಅಂದರೆ ಅರವತ್ತಾರನೆಯ ಇಸವಿಯ ನವರಾತ್ರಿ ಕಳೆದ ಮೇಲೆ, ಬಾಗಿಲ ಬಳಿಯ ಹಲಗೆಗೆ ಒಂದು ನೋಟಿಸು ಹಚ್ಚಿದರು. "ದೇವರಿದ್ದಾನೆಂಬುದಕ್ಕೆ ಆಧಾರವಿಲ್ಲವೆಂದು ಈ ಸಭೆ ಅಭಿಪ್ರಾಯಪಡುತ್ತದೆ. ಈ ವಿಷಯದ ಮೇಲೆ ವಿದ್ಯಾರ್ಥಿಗಳ ಚರ್ಚಾಕೂಟ. ಊರವರಿಗೂ ಸ್ವಾಗತ." ಕೆಳಗೆ ತರ್ಕಶಾಸ್ತ್ರ ಕಲಿಸುವ ಕೃಷ್ಣಾನಂದ ನಾಡಕರ್ಣಿಯವರ ರುಜು.

ಮೀನುಪೇಟೆ ಮುಗಿಯುವ ಹೊತ್ತಿಗೆ ಸುದ್ದಿ ಬಂದರಿನಿಂದ ಮಾಮಲೇದಾರ ಕಚೇರಿಯವರೆಗೆ ಮುಟ್ಟಿತ್ತು. ಮುಟ್ಟಿದಲ್ಲೆಲ್ಲ ಸ್ವಲ್ಪ ಬೆಳೆದೂ ಇತ್ತು. ನನಗೆ ಅದನ್ನು ತಂದು ಕೊಟ್ಟವಳು ಮನೆಗೆಲಸಕ್ಕೆ ಬರುವ ಸುಕ್ರಿ.

"ಒಡೆಯಾ, ಕಾಲೇಜಲ್ಲಿ ದೇವ್ರನ್ನ ವೋಟಿಗೆ ನಿಲ್ಲಿಸ್ತ್ರಂತೆ ಹೌದೋ? ದೇವ್ರು ಸೋತ್ರೆ ಎಂತ ಮಾಡ್ತ್ರು? ಗುಡಿಗೆ ಬೀಗ ಹಾಕ್ತ್ರೋ?"

ನನಗೆ ನಗೆ ಬಂತು. ಆ ಮನೆಯಲ್ಲಿ ನಗೆ ಬಂದು ಬಹಳ ದಿನವಾಗಿತ್ತು. ಹಿಂದಿನ ಕಾರ್ತಿಕದಲ್ಲಿ ನನ್ನ ಹೆಂಡತಿ ಪರಮೇಶ್ವರಿ ತೀರಿಕೊಂಡಿದ್ದಳು.

ನಾನು ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಕಾಲೇಜು ನಡೆಸುವ ಕಮಿಟಿಯಲ್ಲಿದ್ದ ಹೆಚ್ಚಿನವರು ನನ್ನ ಕೈಯಲ್ಲಿ ಕಲಿತವರಾದ್ದರಿಂದ ನನ್ನನ್ನೂ ಅದಕ್ಕೆ ಸೇರಿಸಿಕೊಂಡಿದ್ದರು. ದಿನವೂ ಪೂಜೆ ಮಾಡುತ್ತೇನೆ. ಸಂಕಷ್ಟಿಗೆ ಇಡಗುಂಜಿಯ ಗಣಪತಿ ಗುಡಿಗೆ ಹೋಗಿ ಬರುತ್ತೇನೆ. ಅವಳು ಹೋದ ಮೇಲೆಯೂ ಒಂದು ದಿನ ತಪ್ಪಿಸಿಲ್ಲ. ಆದರೆ ಅವಳು ಹೋದಂದಿನಿಂದ ಪೂಜೆಗೆ ಕೂತಾಗ ಒಂದು ಪ್ರಶ್ನೆ ನನ್ನ ಜೊತೆಗೇ ಕೂರುತ್ತಿತ್ತು. ಅದನ್ನು ಯಾರಿಗೂ ಕೇಳುವ ಹಾಗಿರಲಿಲ್ಲ. ಮಾತಾಡಿಸಲು ಬಂದವರೆದುರು ಬಾಯಿ ತೆರೆದರೆ ಸಾಕು, "ಸಮಾಧಾನ ತಂದುಕೊಳ್ಳಿ, ಎಲ್ಲ ಅವನ ಇಚ್ಛೆ" ಎಂದು ನನ್ನ ಮಾತನ್ನು ಅಲ್ಲಿಗೇ ಮುಗಿಸುತ್ತಿದ್ದರು. ಒಳ್ಳೆಯ ಮನಸ್ಸಿನವರು. ಆದರೆ ಪ್ರಶ್ನೆ ಹಾಗೇ ಉಳಿಯುತ್ತಿತ್ತು.

ಹೀಗಿರುವಾಗ ಈ ನೋಟಿಸು. ಸಿಟ್ಟು ಬರಬೇಕಾದವನಿಗೆ ಕುತೂಹಲ ಬಂತು. ಮಕ್ಕಳು ಎಂತ ಹೇಳಬಹುದು? ಇಲ್ಲವೆನ್ನುವವರು ಏನನ್ನು ಕೇಳಬಹುದು, ಇದ್ದಾನೆನ್ನುವವರು ಯಾವ ಉತ್ತರ ಕೊಡಬಹುದು? ಆ ಸಂಜೆಯೇ ನಾಡಕರ್ಣಿಯವರ ಕೋಣೆಗೆ ಹೋದೆ.

ಅವರು ಕುಮಟೆಯವರು, ಇನ್ನೂ ಮೂವತ್ತು ದಾಟಿರಲಿಲ್ಲ. ನನ್ನನ್ನು ನೋಡಿ ಗಾಬರಿಯಿಂದ ಎದ್ದು ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ನೆಲಕ್ಕಿಟ್ಟರು.

"ನೋಟಿಸು ತೆಗೆಯಿರಿ ಅಂತ ಹೇಳಲಿಕ್ಕೆ ಬಂದ್ರೋ, ಮಾಸ್ತರ್ರೆ?"

"ಅಲ್ಲ. ಯಾರು ಯಾವ ಪಕ್ಷ ಮಾತಾಡ್ತಾರೆ ಅಂತ ಕೇಳಲಿಕ್ಕೆ ಬಂದೆ."

"ಅದು ನನಗೂ ಗೊತ್ತಿಲ್ಲ. ಚೀಟಿ ಎತ್ತಿಸ್ತೇನೆ. 'ಇದೆ' ಬಂದವ ಇದೆ ಅಂತ ವಾದಿಸಬೇಕು. 'ಇಲ್ಲ' ಬಂದವ ಇಲ್ಲ ಅಂತ."

"ಭಕ್ತಿಯಿದ್ದವನಿಗೆ 'ಇಲ್ಲ' ಬಂದರೆ?"

"ಬರಬೇಕು, ಅದೇ ಪಾಠ. ತಾನು ನಂಬಿದ್ದಕ್ಕೆ ಎದುರು ಎಂತ ಹೇಳಬಹುದು ಅಂತ ಒಂದು ವಾರ ಯೋಚನೆ ಮಾಡಿದವ, ನಂಬಿದ್ದನ್ನ ಮತ್ತೆ ನಂಬಿದರೂ ಬೇರೆ ರೀತಿ ನಂಬ್ತಾನೆ."

ಹೊರಡುವಾಗ ಅವರು ತಾವಾಗಿಯೇ ಹೇಳಿದರು. ಹಿಂದೆ ಘಟ್ಟದ ಮೇಲಿನ ಒಂದು ಊರಿನಲ್ಲಿ ಕೆಲಸದಲ್ಲಿದ್ದಾಗ ಜಾತಿಯ ಬಗ್ಗೆ ಇಂಥದೇ ಚರ್ಚೆ ಇಟ್ಟದ್ದಕ್ಕೆ ಅವರನ್ನು ಮುಂದುವರಿಸಿರಲಿಲ್ಲವಂತೆ. ಇಲ್ಲಿಯೂ ಅವರ ನೇಮಕ ಇನ್ನೂ ಕಾಯಂ ಆಗಿರಲಿಲ್ಲ. ಎರಡನೆಯ ಕಡೆಯೂ ಬಿಡಿಸಿದರೆ ಮೂರನೆಯ ಕಾಲೇಜು ಯಾವುದೂ ಬಾಗಿಲು ತೆರೆಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. "ಆದರೂ ತರ್ಕಶಾಸ್ತ್ರ ಕಲಿಸ್ತೇನೆ ಅಂತ ಸಂಬಳ ತಗೊಂಡು, ಪ್ರಶ್ನೆ ಕೇಳಬೇಡಿ ಅಂತ ಹೇಗೆ ಹೇಳಲಿ?" ಎಂದರು.

ಎರಡು ದಿನಕ್ಕೆ ಕಮಿಟಿ ಸೇರಿತು. ಅಧ್ಯಕ್ಷ ವಿಘ್ನೇಶ್ವರ ಹೆಗಡೆ ಕುಮಟೆಯಿಂದ ಬೆಳಗಿನ ಬಸ್ಸಿಗೇ ಬಂದಿದ್ದ. ಅವನು ನನ್ನ ಬಾಲ್ಯದ ಗೆಳೆಯ. ಕುಮಟೆಯಲ್ಲಿ ಅಡಿಕೆ ಮಂಡಿ ಇದೆ, ಆದರೆ ಜನ ಅವನನ್ನು ಗುರುತಿಸುವುದು ಮಂಡಿಯಿಂದಲ್ಲ, ತಾಳಮದ್ದಳೆಯಿಂದ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳು ತಾವೇ ಆ ಪಾತ್ರವಾಗಿ, ಬರೆದಿಟ್ಟುಕೊಳ್ಳದೆ, ಅಲ್ಲಲ್ಲೇ ಹೊಳೆದ ಮಾತಿನಿಂದ ವಾದ ಮಾಡುತ್ತಾರೆ. "ನಿನ್ನ ಹರಿ ಎಲ್ಲಿದ್ದಾನೆ, ತೋರಿಸು" ಎಂದು ಮಗನನ್ನು ಗದರುವ ದೈತ್ಯರಾಜನ ಅರ್ಥ ಹೇಳುವುದರಲ್ಲಿ ವಿಘ್ನೇಶ್ವರನಿಗೆ ಸಮನಾದವರು ಮೂರು ತಾಲೂಕಿನಲ್ಲಿ ಇರಲಿಲ್ಲ. ಭಟ್ಕಳದಿಂದ ಕುಮಟೆಯವರೆಗೆ ಅವನ ಹೆಸರೇ ದೈತ್ಯ ಹೆಗಡೆ.

ಅವನೇ ಈಗ ಮೇಜು ಗುದ್ದುತ್ತಿದ್ದ.

"ನಾವು ಕಾಲೇಜು ಕಟ್ಟಿದ್ದು ಮಕ್ಕಳು ನಾಲ್ಕಕ್ಷರ ಕಲೀಲಿ ಅಂತ. ದೇವರಿಲ್ಲ ಅಂತ ಭಾಷಣ ಬಿಗೀಲಿ ಅಂತ ಅಲ್ಲ. ನಾಡಕರ್ಣಿಯವರೆ, ನಿಮಗೆ ಬೇರೆ ವಿಷಯ ಸಿಕ್ಕಿಲ್ವೋ? ಹೊಳೆಗೆ ಸೇತುವೆ ಬೇಕೋ ಬೇಡವೋ ಅಂತ ಇಡಿ. ತೆಂಗು ಲಾಭವೋ ಅಡಿಕೆ ಲಾಭವೋ ಅಂತ ಇಡಿ."

"ಅದರಲ್ಲಿ ಉತ್ತರ ಎಲ್ಲರಿಗೂ ಗೊತ್ತುಂಟಲ್ಲ, ಅಧ್ಯಕ್ಷರೆ" ಎಂದರು ನಾಡಕರ್ಣಿ.

ಭಟ್ಕಳದ ಜವಳಿ ವ್ಯಾಪಾರಿ ಮೀರಾನ್ ಸಾಹೇಬರು ಮೂಲೆಯಲ್ಲಿ ಮೀಸೆಯಡಿ ನಗುತ್ತಿದ್ದರು. "ಹೆಗಡೇರೆ, ಒಂದು ಮಾತು ಕೇಳ್ತೇನೆ, ಸಿಟ್ಟಾಗಬೇಡಿ. ಹೋದ ವರ್ಷ ದೇವಸ್ಥಾನದ ಅಂಗಳದಲ್ಲೇ ಕೂತು ಮೂರು ತಾಸು ದೇವರಿಲ್ಲ ಅಂತ ಹೇಳಿದವ್ರು ಯಾರು? ನಾನೂ ಹೊರಗಿನ ಬೆಂಚಲ್ಲಿ ಕೂತು ಕೇಳಿದ್ದೆ. ಭಟ್ಟರೇ ನಿಮಗೆ ಶಾಲು ಹೊದೆಸಿದ್ರು."

ಎಲ್ಲರೂ ನಕ್ಕರು. ವಿಘ್ನೇಶ್ವರ ನಗಲಿಲ್ಲ.

"ಸಾಹೇಬರೆ, ಹೇಳಿದ್ದು ನಾನಲ್ಲ. ದೈತ್ಯ ಹೇಳಿದ್ದು. ನಾನು ಎಷ್ಟೇ ಹಾರಾಡಿದರೂ ಕಡೆಗೆ ಕಂಬ ಒಡೀತದೆ, ಸ್ವಾಮಿ ಹೊರಗೆ ಬರ್ತಾನೆ, ಮಂಗಳ ಹಾಡಿ ಏಳ್ತೇವೆ. ಅದು ಎಲ್ಲರಿಗೂ ಮೊದಲೇ ಗೊತ್ತುಂಟು. ಆ ಧೈರ್ಯದ ಮೇಲೆಯೇ ನಾನು ಅಷ್ಟು ಮಾತಾಡೋದು." ಅವನು ನಾಡಕರ್ಣಿಯವರ ಕಡೆ ತಿರುಗಿದ. "ನಿಮ್ಮ ಚರ್ಚೆಯಲ್ಲಿ ಕಡೆಗೆ ಎಂತ ಒಡೀತದೆ, ಹೇಳಿ?"

ಒಳ್ಳೆಯ ಪ್ರಶ್ನೆಯೆಂದು ನನಗೂ ಅನ್ನಿಸಿತು. ನಾಡಕರ್ಣಿ ತಪ್ಪಿಸಿಕೊಳ್ಳದೆ ಉತ್ತರ ಕೊಟ್ಟರು.

"ಏನೂ ಒಡೆಯದೆ ಇರಬಹುದು. ಮೊದಲೇ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಅದು ಕಾಲೇಜು."

"ಆತು ಬಿಡಿ" ಎಂದು ವಿಘ್ನೇಶ್ವರ ಫೈಲು ಮುಚ್ಚಿದ. "ನೋಟಿಸು ತೆಗೆಯಿರಿ. ಇಲ್ಲವಾದರೆ ವರ್ಷದ ಕಡೆಗೆ ನಿಮ್ಮ ನೇಮಕದ ವಿಚಾರ ಬಂದಾಗ ನನಗೂ ಏನೂ ಹೇಳಲಿಕ್ಕೆ ಆಗೋದಿಲ್ಲ."

ಆಗ ನಾನು ಮಾತಾಡಿದೆ. ಕಮಿಟಿಯಲ್ಲಿ ಹೆಚ್ಚು ಮಾತಾಡುವ ಅಭ್ಯಾಸ ನನಗಿರಲಿಲ್ಲ. "ನನಗೆ ಆ ಚರ್ಚೆ ಕೇಳಬೇಕು ಅಂತ ಉಂಟು" ಎಂದೆ.

"ನಿನಗೋ?" ವಿಘ್ನೇಶ್ವರನ ಬಾಯಲ್ಲಿ ನಮ್ಮ ಮನೆಮಾತು ಬಂದುಬಿಟ್ಟಿತು; ಅದರಲ್ಲಿ 'ಹೇಳಿ' ಅಂದರೆ 'ಎಂದು'. "ಎಂತಕ್ಕಾ, ಮಾಬ್ಲೇಶ್ವರ? ನಿಂಗೆ ದೇವರಿದ್ದ ಹೇಳಿ ಗೊತ್ತಿಲ್ಲೆಯೋ?"

"ಗೊತ್ತಿದ್ದು. ಆದರೂ ಕೇಳವು. ಪರಮೇಶ್ವರಿಗೆ ನಿನ್ನ ದೈತ್ಯ ಅಂದರೆ ಬಹಳ ಪ್ರೀತಿ. ಒಂದು ಸಲ ಕೇಳಿ ಬಂದವಳು ಎಂತ ಹೇಳಿದಳು ಗೊತ್ತಿದ್ದೋ? 'ವಿಘ್ನೇಶ್ವರಣ್ಣನ ಪ್ರಶ್ನೆ ಬರೋಬ್ಬರಿ ಇತ್ತು, ಮಗನ ಉತ್ತರ ಸಪ್ಪೆ. ಕಂಬ ಒಡೆದದ್ದಕ್ಕೆ ಆ ಮಾಣಿ ಬಚಾವಾದ.' ಅವಳು ದಿನಾ ತುಳಸಿಗೆ ನೀರು ಹಾಕಿದವಳು."

ಸತ್ತವಳ ಹೆಸರು ಬಂದ ಮೇಲೆ ಅಲ್ಲಿ ಯಾರೂ ಎದುರು ಮಾತಾಡಲಿಲ್ಲ. ನಾನು ಅವಳನ್ನು ಹಾಗೆ ಸಭೆಗೆ ಕರೆತಂದದ್ದು ಸರಿಯೋ ಅಲ್ಲವೋ ನನಗೆ ತಿಳಿಯದು. ಕೊನೆಗೆ ವಿಘ್ನೇಶ್ವರ ಒಂದು ಷರತ್ತಿನ ಮೇಲೆ ಒಪ್ಪಿದ. ಚರ್ಚೆ ನಡೆಯಲಿ, ಕಮಿಟಿಯವರೆಲ್ಲ ಮುಂದಿನ ಸಾಲಿನಲ್ಲಿ ಕೂರುವುದು. ದೇವರ ಹಾಸ್ಯವಾದರೆ, ಇಲ್ಲವೇ ಗಲಾಟೆಯಾದರೆ, ಅಂದೇ ನಾಡಕರ್ಣಿಯವರ ನೇಮಕದ ಮಾತು ಮುಗಿಯಿತೆಂದು ತಿಳಿಯಬೇಕು. ನಾಡಕರ್ಣಿ "ಆಗಲಿ" ಎಂದರು.

ಚೀಟಿ ಎತ್ತಿದಾಗ 'ಇಲ್ಲ' ಬಂದದ್ದು ಸುಮತಿಗೆ. ಒಳಗಿನ ಊರಿನ ತೋಟದ ಮನೆಯ ಹುಡುಗಿ. ಬಂದರು ರಸ್ತೆಯಲ್ಲಿ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ನಮಗೆ ದೂರದ ಸಂಬಂಧ ಬೇರೆ. ಚರ್ಚೆಗೆ ಎರಡು ದಿನವಿರುವಾಗ ಅವಳು ಮನೆಗೆ ಬಂದಳು. ಜಗಲಿಯ ಮೇಲೆ ಕೂತು ಸೆರಗಿನ ತುದಿ ಸುತ್ತುತ್ತ ಇದ್ದಳು.

"ಮಾವ, ಯಂಗೆ ಒಂದು ಉಪಕಾರ ಆಗವು. ಪುಸ್ತಕದಲ್ಲಿ ಇದ್ದಿದ್ದೆಲ್ಲ ಓದಿದೆ. ಯಾವುದೂ ಯಂಗೇ ತಾಗ್ತಿಲ್ಲೆ. ಯಂಗೆ ತಾಗದ್ದು ಕೇಳ್ದವಕ್ಕೆ ಹ್ಯಾಂಗೆ ತಾಗ್ತು?"

"ಅತ್ತೆಗೆ ಗೊತ್ತಿದ್ದೋ, ನೀನು ಯಾವ ಪಕ್ಷ ಹೇಳಿ?"

"ಗೊತ್ತಿದ್ದು. 'ಕೂಸೇ, ಆವತ್ತು ಜ್ವರ ಬಂದು ಮಲಕ್ಕ' ಹೇಳ್ತಾ ಇದ್ದು." ಅವಳು ನಕ್ಕಳು. ಕೂಡಲೇ ನಗು ನಿಂತಿತು. "ಆದರೆ ಆನು ಸುಮ್ಮನೆ ನಾಟಕ ಮಾಡಿದರೆ ಸರ್ ಕೆಲಸ ಹೋಗ್ತು. ಹಾಸ್ಯ ಆತು ಹೇಳ್ತ. ಅದಕ್ಕೆ ನಿಂಗಳ ಕೇಳೂಲೆ ಬಂದೆ. ನಿಂಗ ದಿನಾ ಪೂಜೆ ಮಾಡ್ತ್ರಿ. ಪೂಜೆ ಮಾಡುವವಕ್ಕೆ ಎಲ್ಲಿ ನೋಯ್ತು ಹೇಳಿ ಪೂಜೆ ಮಾಡುವವಕ್ಕೇ ಗೊತ್ತಿರ್ತು, ಅಲ್ದ?"

ವರ್ಷವಿಡೀ ಬಂದವರಲ್ಲಿ ಎಲ್ಲಿ ನೋಯುತ್ತದೆಂದು ಕೇಳಿದವಳು ಇವಳೊಬ್ಬಳೇ. ಅದೂ ದೇವರ ವಿರುದ್ಧ ವಾದಿಸಲಿಕ್ಕೆ.

ಹೇಳಿದೆ. ಪರಮೇಶ್ವರಿಯ ಕಾಯಿಲೆ ಹೆಚ್ಚಿದಾಗ ಇಡಗುಂಜಿಯಲ್ಲಿ ಗಣಹೋಮ ಮಾಡಿಸಿದ್ದೆ. ಅವಳು ಉಳಿಯಲಿ ಎಂದು ಬೇಡಿಕೊಂಡಿದ್ದೆ. ಉಳಿದಿದ್ದರೆ ದೇವರು ಕೇಳಿದ ಎನ್ನುತ್ತಿದ್ದೆ. ಉಳಿಯಲಿಲ್ಲ, ಈಗ ದೇವರ ಇಚ್ಛೆ ಎನ್ನುತ್ತೇನೆ. ಅವನು ಕೊಟ್ಟರೂ ಅವನೇ ಸರಿ, ಕೊಡದಿದ್ದರೂ ಅವನೇ ಸರಿ. ಹಾಗಾದರೆ ನಾನು ಬೇಡಿದ್ದು ಅವನಿಗೆ ಮುಟ್ಟಿತೋ ಇಲ್ಲವೋ ಎಂದು ತಿಳಿಯುವುದು ಯಾವುದರಿಂದ? ಯಾರೂ ಇಲ್ಲದ ಕಡೆ ಬೇಡಿದ್ದರೂ ನನ್ನ ಬಾಯಲ್ಲಿ ಈ ಎರಡು ಮಾತುಗಳೇ ಬರುತ್ತಿದ್ದವಲ್ಲವೇ?

ಸುಮತಿ ಬರೆದುಕೊಳ್ಳಲಿಲ್ಲ. ಸೆರಗು ಸುತ್ತುವುದನ್ನೂ ನಿಲ್ಲಿಸಿದ್ದಳು.

"ಮಾವ, ಇದ್ನ ಆನು ಅಲ್ಲಿ ಕೇಳ್ಲಕ್ಕಾ?"

"ಕೇಳು. ಯನ್ನ ಹೆಸರು ಬೇಡ. ಆದರೆ ಕೇಳುವಾಗ ಮೆತ್ತಗೆ ಕೇಳಡ. ಗಟ್ಟಿಯಾಗಿ ಕೇಳು. ಉತ್ತರ ಕೊಡುವವನಿಗೂ ಗಟ್ಟಿಯಾಗಿ ಕೊಡೂಲೆ ಬತ್ತು."

ಶನಿವಾರ ಮಧ್ಯಾಹ್ನ ಗೋದಾಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಗಳಿಗೆ ಜನ ಜೋತುಬಿದ್ದಿದ್ದರು. ಹೊಳೆ ದಾಟಿಸುವ ಲಾಂಚಿನವರೂ ಆಚೆ ದಡದ ಕಾಸರಕೋಡಿನ ಕಡೆಯ ಪಾಳಿ ತಪ್ಪಿಸಿ ಬಂದಿದ್ದರೆಂದು ಆಮೇಲೆ ಕೇಳಿದೆ. ಮುಂದಿನ ಸಾಲಿನಲ್ಲಿ ನಾವು ಕಮಿಟಿಯವರು ಕೂತಿದ್ದೆವು. ನನ್ನ ಎಡಕ್ಕೆ ಮೀರಾನ್ ಸಾಹೇಬರು, ಬಲಕ್ಕೆ ವಿಘ್ನೇಶ್ವರ. ಅವನು ಕೈಕಟ್ಟಿ, ಕಣ್ಣು ಅರೆಮುಚ್ಚಿ ಕೂತಿದ್ದ. ನಾಡಕರ್ಣಿ ಮೇಜಿನ ಮೇಲೆ ಪೂಜೆಯ ಗಂಟೆಯಷ್ಟೇ ಸಣ್ಣದೊಂದು ಗಂಟೆ ಇಟ್ಟುಕೊಂಡಿದ್ದರು. ಸಮಯ ಮುಗಿದಾಗ ಬಾರಿಸಲಿಕ್ಕೆ.

ಮೊದಲು ಅವರು ನಿಯಮ ಹೇಳಿದರು. ಇಲ್ಲಿ ಮಾತಾಡುವವರು ಚೀಟಿಯ ಪಕ್ಷ ಮಾತಾಡುತ್ತಾರೆ. ಅವರ ಮನೆಗೆ ಹೋಗಿ ಬೈಯಬಾರದು. ಕಡೆಗೆ ಕೈ ಎತ್ತಿಸುವುದು ದೇವರಿದ್ದಾನೋ ಇಲ್ಲವೋ ಎಂಬುದಕ್ಕಲ್ಲ, ಯಾವ ಪಕ್ಷ ಚೆನ್ನಾಗಿ ವಾದಿಸಿತು ಎಂಬುದಕ್ಕೆ.

"ಹಾಗಾದ್ರೆ ಗುಡಿಗೆ ಬೀಗ ಇಲ್ಲ" ಎಂದು ಕಿಟಕಿಯಿಂದ ಯಾರೋ ಹೇಳಿದರು. ಜನ ನಕ್ಕು ಹಗುರಾದರು.

ಸುಮತಿ ಎದ್ದಳು. ಪುಸ್ತಕದಿಂದ ತಂದ ಎರಡು ವಾದಗಳನ್ನು ಬೇಗ ಬೇಗ ಹೇಳಿ ಮುಗಿಸಿದಳು. ನನ್ನ ಕಡೆ ನೋಡಲಿಲ್ಲ.

"ಕಾಯಿಲೆಯವಳಿಗಾಗಿ ಒಬ್ಬರು ದೇವರಲ್ಲಿ ಬೇಡಿದರು" ಎಂದು ಶುರುಮಾಡಿ, ನಾನು ಹೇಳಿದ್ದನ್ನು ನನಗಿಂತ ಚೆನ್ನಾಗಿ ಹೇಳಿದಳು. ಕೊನೆಗೆ, "ಬಂದರೂ ಅದೇ ಉತ್ತರ, ಬಾರದಿದ್ದರೂ ಅದೇ ಉತ್ತರ ಎಂದಾದರೆ, ಕೇಳಿಸಿಕೊಂಡವನು ಇದ್ದಾನೆಂಬುದಕ್ಕೆ ಆಧಾರ ಯಾವುದು? ನನಗೆ ಉತ್ತರ ಬೇಕು. ಸಮಾಧಾನ ಬೇಡ" ಎಂದು ಕೂತಳು.

ನನ್ನ ಪ್ರಶ್ನೆಯನ್ನು ಇನ್ನೊಬ್ಬರ ಬಾಯಲ್ಲಿ, ಅಷ್ಟು ಜನರ ನಡುವೆ, ಹಗಲು ಬೆಳಕಿನಲ್ಲಿ ಕೇಳಿದಾಗ ನನಗೆ ಭಯವಾಗಬಹುದೆಂದುಕೊಂಡಿದ್ದೆ. ಭಯವಾಗಲಿಲ್ಲ. ಈಗ ಇದಕ್ಕೆ ಎಂತ ಬರುತ್ತದೆ ಎಂದು ಮುಂದಕ್ಕೆ ಬಗ್ಗಿ ಕೂತೆ.

ಎದುರು ಪಕ್ಷದವನು ಕಾಸರಕೋಡಿನ ಮಾದೇವ, ಎತ್ತರದ ಹುಡುಗ. ಅವನು ಎದ್ದು ಬೆವರು ಒರೆಸಿಕೊಂಡು, "ದೇವರ ಲೀಲೆ ನಮಗೆ ತಿಳಿಯುವಂಥದಲ್ಲ. ಅವನು ಕರುಣಾಳು. ಕೊಡದಿದ್ದರೂ ಅದು ಕರುಣೆಯೇ" ಎಂದ. ಅದನ್ನೇ ಇನ್ನೊಂದು ರೀತಿಯಲ್ಲಿ ಹೇಳಿದ. ಮತ್ತೂ ಒಂದು ರೀತಿಯಲ್ಲಿ ಹೇಳಿದ.

ನನ್ನ ಬಲಕ್ಕೆ ಕುರ್ಚಿ ಕಿರುಗುಟ್ಟಿತು. ವಿಘ್ನೇಶ್ವರ ಕಣ್ಣು ಪೂರ್ತಿ ತೆರೆದಿದ್ದ. ಕಟ್ಟಿದ್ದ ಕೈ ಬಿಚ್ಚಿತ್ತು. ತೊಡೆಯ ಮೇಲೆ ಬೆರಳು ಕುಣಿಯುತ್ತಿತ್ತು. ತಾಳಮದ್ದಳೆಯಲ್ಲಿ ಎದುರಿನವನು ಸಡಿಲ ಮಾತಾಡಿದಾಗ ಅವನು ಹೀಗೇ ಮಾಡುತ್ತಿದ್ದನೆಂಬುದು ನನಗೆ ಗೊತ್ತು. "ವಿಘ್ನೇಶ್ವರಾ, ಕೂತ್ಗ" ಎಂದು ಪಿಸುಗುಟ್ಟಿದೆ. ಅಷ್ಟರಲ್ಲಿ ಅವನು ಎದ್ದಾಗಿತ್ತು.

"ಎಲಾ ಮಗನೇ!"

ಮೂರು ತಾಲೂಕು ಬಲ್ಲ ಧ್ವನಿ ಅದು. ಮಾದೇವ ಒಂದು ಹೆಜ್ಜೆ ಹಿಂದೆ ಸರಿದ.

"ತಿಳಿಯುವಂಥದಲ್ಲ ಎಂದೆಯಾ? ಭಲೆ! ತಿಳಿಯದವನನ್ನು ಕರುಣಾಳು ಎಂದು ನೀನು ತಿಳಿದದ್ದು ಹೇಗೆ? ಕೊಟ್ಟರೆ ಕರುಣೆ, ಕೊಡದಿದ್ದರೆ ಕರುಣೆ! ಕೊಂದರೂ ಕರುಣೆಯೇ ಏನೋ? ಹಾಗಾದರೆ ಕ್ರೌರ್ಯವೆಂದು ನೀನು ಯಾವುದನ್ನು ಕರೆಯುತ್ತೀಯೆ? ಆ ಶಬ್ದವನ್ನೇ ನಿನ್ನ ಗುರು ಕಲಿಸಲಿಲ್ಲವೋ? ಬಾಯಿಪಾಠ ಒಪ್ಪಿಸಬೇಡ. ಬಾಲೆ ಕೇಳಿದ್ದಕ್ಕೆ ಉತ್ತರ ಹೇಳು!"

ಹೇಳುತ್ತ ಹೇಳುತ್ತ ಅವನ ಕೈ ಮೇಲಕ್ಕೆ ಹೋಯಿತು, ಎದೆ ಉಬ್ಬಿತು. ತಾನು ಯಾವ ಪಕ್ಷಕ್ಕೆ ವಾದಿಸುತ್ತಿದ್ದೇನೆಂಬುದು ಅವನಿಗೆ ಹೊಳೆದೇ ಇರಲಿಲ್ಲ. ಹೊಳೆಯುವ ಹಾಗೂ ಇರಲಿಲ್ಲ. ಆ ವಾದದಲ್ಲಿ ಅವನ ನಾಲಿಗೆ ಬೇರೆ ಪಕ್ಷವನ್ನು ಹಿಡಿದದ್ದೇ ಇಲ್ಲ. ಜನ ಮೊದಲು ದಂಗಾದರು, ಆಮೇಲೆ ಗೋದಾಮಿನ ಹೆಂಚು ಹಾರುವಂತೆ ನಕ್ಕು ಚಪ್ಪಾಳೆ ತಟ್ಟಿದರು.

ಟಣ್ ಎಂದು ಗಂಟೆ ಹೊಡೆಯಿತು.

"ಅಧ್ಯಕ್ಷರೆ, ಕ್ಷಮಿಸಿ" ಎಂದರು ನಾಡಕರ್ಣಿ. ಗಂಟೆಯನ್ನು ಕೈಯಿಂದ ಬಿಟ್ಟಿರಲಿಲ್ಲ. "ಸಭೆಯಿಂದ ಮಾತಾಡುವವರು ಮೊದಲು ಅಪ್ಪಣೆ ಕೇಳಬೇಕು."

ದೈತ್ಯ ಹೆಗಡೆಗೆ ಗಂಟೆ ಬಾರಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಅವನು ಎತ್ತಿದ ಕೈಯನ್ನು ನೋಡಿಕೊಂಡ. ಸುತ್ತ ನೋಡಿದ. ಆಗ ಅವನಿಗೆ ತಿಳಿಯಿತು. ಕಿವಿ ಕೆಂಪಾಯಿತು. ಮೆಲ್ಲಗೆ ಕೂತ.

"ಇವತ್ತು ಕಂಬ ಗಟ್ಟಿ ಉಂಟು, ಹೆಗಡೇರೆ" ಎಂದರು ಮೀರಾನ್ ಸಾಹೇಬರು, ನನ್ನ ಬೆನ್ನ ಹಿಂದಿನಿಂದ ಬಾಗಿ.

ಆದರೆ ಬೈಸಿಕೊಂಡ ಮಾದೇವನಿಗೆ ಅದರಿಂದ ಒಂದು ಬಲ ಬಂದಿತ್ತು. "ಸರ್, ನನಗೆ ಇನ್ನೊಂದು ಅವಕಾಶ ಕೊಡಿ" ಎಂದು ಕೇಳಿದ. ನಾಡಕರ್ಣಿ ಕೊಟ್ಟರು.

"ನಮ್ಮಲ್ಲಿ ಲಾಂಚು ಇಲ್ಲದ ಹೊತ್ತಿಗೆ ಹೊಳೆ ದಾಟಬೇಕಾದರೆ ಆಚೆ ದಡದ ತಿಮ್ಮನಿಗೆ ಕೂ ಹಾಕುತ್ತೇವೆ" ಎಂದ ಮಾದೇವ. "ದೋಣಿ ಬಂದರೆ ತಿಮ್ಮ ಕೇಳಿದ ಅಂತ ಗೊತ್ತಾಗುತ್ತದೆ. ಬಾರದಿದ್ದರೆ ತಿಮ್ಮನೇ ಇಲ್ಲ ಅಂತ ಹೇಳಬಹುದೇ? ನೀರಿನ ಸೆಳೆತ ಅವನಿಗೆ ಕಂಡಿರಬಹುದು, ನಮಗೆ ಕಂಡಿರದು. ದೋಣಿ ಬಾರದ್ದು ತಿಮ್ಮ ಇಲ್ಲವೆಂಬುದಕ್ಕೂ ಆಧಾರವಲ್ಲ."

ಇದು ಉತ್ತರ. ಪೂರ್ತಿಯಲ್ಲ, ಆದರೆ ನನ್ನ ಪ್ರಶ್ನೆಯ ಮುಖ ನೋಡಿ ಹೇಳಿದ ಉತ್ತರ.

ಸುಮತಿ ಕೂಡಲೇ ಎದ್ದಳು.

"ಒಪ್ಪಿದೆ. ಆದರೆ ಮಾದೇವ, ತಿಮ್ಮನನ್ನು ನೀನು ಸಂತೆಯಲ್ಲಿ ನೋಡಿದ್ದೀಯೆ."

"ಭಲೆ!" ಎಂದು ವಿಘ್ನೇಶ್ವರ ತೊಡೆ ತಟ್ಟಿದ. ಕೂಡಲೇ ಕೈಯಿಂದ ಬಾಯಿ ಮುಚ್ಚಿ, ನಾಡಕರ್ಣಿಯವರ ಗಂಟೆಯ ಕಡೆ ಕಳ್ಳನಂತೆ ನೋಡಿದ.

ಚರ್ಚೆ ಬಿಸಿಲು ಇಳಿಯುವವರೆಗೂ ನಡೆಯಿತು. ನೋಡದವನನ್ನು ನೋಡಿದವರ ಮಾತಿನಿಂದ ನಂಬಬಹುದೇ ಎಂಬಲ್ಲಿಗೆ ಬಂತು. ನೋಡಿದವರು ಒಬ್ಬೊಬ್ಬರು ಒಂದೊಂದು ರೂಪ ಹೇಳಿದರೆ ಯಾರನ್ನು ನಂಬುವುದು ಎಂಬಲ್ಲಿಗೂ ಬಂತು. ಯಾರೂ ದೇವರನ್ನು ಹಾಸ್ಯ ಮಾಡಲಿಲ್ಲ. ಹಾಸ್ಯ ಮಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಕಡೆಗೆ ಕೈ ಎತ್ತಿಸಿದರು. ಸ್ವಲ್ಪ ಹೆಚ್ಚು ಕೈಗಳು ಸುಮತಿಯ ಪಕ್ಷಕ್ಕೆ ಎದ್ದವು. ನಾನು ಮಾದೇವನಿಗೆ ಎತ್ತಿದೆ, ಅವನ ಎರಡನೆಯ ಉತ್ತರಕ್ಕಾಗಿ. ಮೀರಾನ್ ಸಾಹೇಬರು ಯಾರಿಗೂ ಎತ್ತಲಿಲ್ಲ. ಕೇಳಿದ್ದಕ್ಕೆ, "ಯಾರು ಗೆದ್ದರು ಅಂತ ಅವನಿಗೆ ಗೊತ್ತುಂಟಲ್ಲ" ಎಂದು ಮೇಲೆ ತೋರಿಸಿದರು.

ಜನ ಚದುರಿದ ಮೇಲೆ ಕಮಿಟಿ ಅಲ್ಲೇ ಬೆಂಚುಗಳ ಮೇಲೆ ಸೇರಿತು. ನಾಡಕರ್ಣಿ ದೂರದಲ್ಲಿ ಕಿಟಕಿಯ ಬಳಿ ನಿಂತಿದ್ದರು. ಸದಸ್ಯರೊಬ್ಬರು ಗಂಟಲು ಸರಿಮಾಡಿಕೊಂಡು, ಊರಲ್ಲಿ ಮಾತು ಬರುವುದು ಖಂಡಿತ, ನೇಮಕದ ವಿಚಾರ ಈಗಲೇ ತೀರ್ಮಾನಿಸುವುದು ಒಳ್ಳೆಯದು ಎಂದರು.

ವಿಘ್ನೇಶ್ವರ ಅವರ ಮಾತು ಮುಗಿಯಲು ಬಿಟ್ಟ.

"ಮಾತು ಬಂದೇ ಬತ್ತದೆ. ಇವತ್ತು ಈ ಗೋದಾಮಿನಲ್ಲಿ ದೇವರ ವಿರುದ್ಧ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಮಾತಾಡಿದವ ಯಾರು? ಆ ಹುಡುಗಿಯಲ್ಲ, ನಾಡಕರ್ಣಿಯಲ್ಲ. ನಾನು. ಅವರನ್ನ ತೆಗೆಯೋದಾದರೆ ಮೊದಲು ನನ್ನ ತೆಗೀರಿ." ಸ್ವಲ್ಪ ತಡೆದು ಹೇಳಿದ. "ಗಲಾಟೆ ಮಾಡಿದವನೂ ನಾನೇ. ಅವರು ಅಧ್ಯಕ್ಷ ಅಂತ ನೋಡದೆ ಗಂಟೆ ಹೊಡೆದು ಕೂರಿಸಿದ್ರು. ಅಷ್ಟು ಮಾಡುವವರು ಕಾಲೇಜಿಗೆ ಬೇಕು. ಕಾಯಂ ಮಾಡಿ ಅಂತ ಬರೀರಿ."

ಬರೆದರು. ಇನ್ನು ಮುಂದೆ ಚರ್ಚಾಕೂಟದ ವಿಷಯವನ್ನು ಕಲಿಸುವವರೂ ಮಕ್ಕಳೂ ಆರಿಸಬೇಕು, ಕಮಿಟಿ ಅದರಲ್ಲಿ ಕೈ ಹಾಕಬಾರದು ಎಂದೂ ಬರೆಸಿದ. ಮೀರಾನ್ ಸಾಹೇಬರು, "ಕಮಿಟಿಯವರು ಎದ್ದು ನಿಂತು ಕೂಗಬಾರದು ಅಂತ ಒಂದು ಸಾಲು ಸೇರಿಸಿ" ಎಂದಾಗ ವಿಘ್ನೇಶ್ವರನೂ ನಕ್ಕ. ಕಿಟಕಿಯ ಬಳಿ ನಾಡಕರ್ಣಿ ಕನ್ನಡಕ ತೆಗೆದು ಒರೆಸುತ್ತಿದ್ದರು. ಒರೆಸಿಯೇ ಒರೆಸಿದರು.

ಕುಮಟೆಯ ಬಸ್ಸಿಗೆ ವಿಘ್ನೇಶ್ವರನನ್ನು ಬಿಡಲು ನಾನು ಜೊತೆಗೆ ನಡೆದೆ. ಬಸ್ಸು ನಿಲ್ಲುವ ಮರದ ಕಟ್ಟೆಯ ಮೇಲೆ ಕೂತ ಮೇಲೆ ಕೇಳಿದ.

"ಆ ಪ್ರಶ್ನೆ ಕೂಸಿಂದಲ್ಲ. ಇಪ್ಪತ್ತು ವರ್ಷದವಕ್ಕೆ ಅಂಥ ಪ್ರಶ್ನೆ ಬತ್ತಿಲ್ಲೆ. ಮಾಬ್ಲೇಶ್ವರ, ಅದು ನಿಂದು."

"ಹೌದು."

"ಹೋದ ವರ್ಷ ಆನು ನಿನ್ನ ಮನೆಗೆ ಬಂದಿದ್ದೆ. ಆವಾಗ ಎಂತಕ್ಕೆ ಕೇಳಿದ್ದಿ‌ಲ್ಲೆ?"

"ಕೇಳೂಲೆ ಹೊರಟಿದ್ದೆ. ನೀನು ಸಮಾಧಾನ ಮಾಡಿದೆ."

ಅವನು ತಲೆ ತಗ್ಗಿಸಿದ. ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರ ಅವನನ್ನು ಗುರುತಿಸಿ, "ಹೆಗಡೇರೆ, ಮುಂದೆ ಸೀಟುಂಟು, ಬನ್ನಿ" ಎಂದು ಕರೆದ. ವಿಘ್ನೇಶ್ವರ ಏಳಲಿಲ್ಲ. ಹೋಗು ಎಂದು ಕೈಸನ್ನೆ ಮಾಡಿದ. ಬಸ್ಸು ಧೂಳೆಬ್ಬಿಸಿ ಹೋಯಿತು.

"ಆ ಮಾಣಿ ಹೇಳಿದ ದೋಣಿಯ ಉತ್ತರ ಇದ್ದಲ, ಅದು ನಿಂಗೆ ಸಾಕಾತೋ?"

"ಅರ್ಧ ಸಾಕಾತು."

"ಯಂಗೆ ಅರ್ಧವೂ ಆಜಿಲ್ಲೆ" ಎಂದು ಅವನು ಕಟ್ಟೆಯ ಮೇಲೆ ಕಾಲು ಮಡಚಿ ನನ್ನ ಕಡೆ ತಿರುಗಿ ಕೂತ. "ಉಳಿದರ್ಧ ಎಂತದು? ಹೋಮ ಮಾಡಿಸಿದ ದಿನದಿಂದ ಹೇಳು."

ನಾನು ಹೇಳತೊಡಗಿದೆ. ಅವನು ನಡುವೆ ಎರಡು ಸಲ ತಡೆದು ಕೇಳಿದ. ಎರಡೂ ನನಗೆ ಹೊಳೆಯದೆ ಇದ್ದ ಪ್ರಶ್ನೆಗಳು.